ಯಂತ್ರದ ಪರವಾಗಿ ಕೂತವಳು

ಚದುರಂಗ ಆಡುವ ಯಂತ್ರಕ್ಕೆ ಕೈಯಿಲ್ಲ. ತನ್ನ ನಡೆಯನ್ನು ಪರದೆಯ ಮೇಲೆ ತೋರಿಸಿ ಸುಮ್ಮನಾಗುತ್ತದೆ. ಗ್ರ್ಯಾಂಡ್‌ಮಾಸ್ಟರ್ ಎದುರು ಕೂತು ಅದರ ಪರವಾಗಿ ಕಾಯಿ ಸರಿಸಲು ಮನುಷ್ಯರೇ ಬೇಕು. ಆ ಕಂಪನಿಯಲ್ಲಿ ಅದು ಅವಳ ಕೆಲಸವಾಗಿತ್ತು. ಹಾಗಾಗಿ ಎಲ್ಲರ ಬಾಯಲ್ಲೂ ಅವಳು ಕೈಯಕ್ಕ.

ಆಟ ಕಲಿಸಿದ್ದು ಸೋದರಮಾವ, ತನ್ನ ಸೈಕಲ್ ರಿಪೇರಿ ಅಂಗಡಿಯ ಬೆಂಚಿನ ಮೇಲೆ. ಕಾಲೇಜಿನಲ್ಲಿದ್ದಾಗ ನಾಲ್ಕಾರು ಕಪ್ ಗೆದ್ದಿದ್ದಳು. ಮದುವೆಯಾದ ಮೇಲೆ ಅವುಗಳಲ್ಲಿ ದೊಡ್ಡದು ಅತ್ತೆಯ ಬಟ್ಟೆ ಕ್ಲಿಪ್ಪುಗಳಿಗೆ ಡಬ್ಬಿಯಾಯಿತು. ಮಕ್ಕಳು ಕೈಗೆ ಬಂದ ಮೇಲೆ ಕಂಪನಿ ಸೇರಿದಳು, ವರ್ಷದಿಂದ ವರ್ಷಕ್ಕೆ ಗುತ್ತಿಗೆಯ ಮೇಲೆ.

"ಅಷ್ಟು ಜಾಣ ಯಂತ್ರ ಅಂತೀಯ, ತನ್ನ ಕಾಯಿ ತಾನೇ ಎತ್ತಿಡೋಕೆ ಆಗಲ್ವಾ ಅದಕ್ಕೆ?" ಎಂದು ಅತ್ತೆ ಕೆಣಕಿದರು.

"ಅದೇ ಎತ್ತಿಟ್ರೆ ನಂಗೆ ಸಂಬಳ ಯಾರು ಕೊಡ್ತಾರೆ ಅತ್ತೆ?"

"ಹಾಗಾದ್ರೆ ಹಾಗೇ ಬಿದ್ದಿರ್ಲಿ ಬಿಡು."

ಆ ವರ್ಷದ ಪಂದ್ಯ ಐದು ಆಟಗಳದ್ದು. ಎದುರಾಳಿ ವಯಸ್ಸಾದ ಗ್ರ್ಯಾಂಡ್‌ಮಾಸ್ಟರ್. ಲೆಕ್ಕದಲ್ಲಿ ಯಂತ್ರದೊಂದಿಗೆ ಗುದ್ದಾಡುವಷ್ಟು ದಡ್ಡರಲ್ಲ ಅವರು. ಕಾಲಾಳುಗಳನ್ನು ಒಂದಕ್ಕೊಂದು ಸಿಕ್ಕಿಸಿ ಹಲಗೆಗೆ ಅಡ್ಡಗೋಡೆ ಕಟ್ಟಿ, ಅದರ ಹಿಂದೆ ನೆಮ್ಮದಿಯಾಗಿ ಕೂರುತ್ತಿದ್ದರು. ಯಂತ್ರ ಎಷ್ಟು ಮುಂದೆ ನೋಡಿದರೂ ಅಲ್ಲಿ ನೋಡುವಂಥದ್ದು ಏನೂ ಇರುತ್ತಿರಲಿಲ್ಲ. ಮೊದಲ ಮೂರು ಆಟ ಡ್ರಾ.

ಯಂತ್ರಕ್ಕೆ ಬುದ್ಧಿ ಬರೆದ ಎಂಜಿನಿಯರ್ ಅವಳಿಗಿಂತ ಚಿಕ್ಕವನು, ಆದರೆ ಮೇಲಧಿಕಾರಿ. ತಲೆ ಕೆರೆದುಕೊಂಡು ಅವಳನ್ನೇ ಕೇಳಿದ.

"ಸರ್, ಅವರು ಬಾಗಿಲು ಹಾಕ್ಕೊಂಡು ಕೂತಿದ್ದಾರೆ," ಎಂದಳು. "ಡ್ರಾ ಆದ್ರೆ ಸೋತ ಹಾಗೆ ಅಂತ ಇದಕ್ಕೆ ಬರೆದುಬಿಡಿ. ತಾನಾಗಿ ನುಗ್ಗುತ್ತೆ."

ಅವನು ಬರೆದ. ನಾಲ್ಕನೆಯ ಆಟದಲ್ಲಿ ಯಂತ್ರ, ಗೋಡೆ ಪೂರ್ತಿಯಾಗುವ ಮೊದಲೇ ನುಗ್ಗಿ ಗೆದ್ದಿತು.

"ಅಕ್ಕಾ," ಎಂದ ಎಂಜಿನಿಯರ್, "ಪಂದ್ಯ ನಮ್ದಾದ್ರೆ ನಿಮ್ಮ ಕೆಲಸ ಕಾಯಂ. ನಾನೇ ಮಾತಾಡ್ತೀನಿ."

ಅವಳಿಗೆ ಬೇಕಾಗಿದ್ದೂ ಅದೇ. ಬಸ್ ಚಾಲಕನಾಗಿದ್ದ ಗಂಡನ ಒಂದು ಕಣ್ಣು ಮಂಜಾಗಿ, ಅವನನ್ನು ಡಿಪೋದ ವಿಚಾರಣೆ ಕಿಟಕಿಯ ಹಿಂದೆ ಕೂರಿಸಿದ್ದರು. ಅಲ್ಲಿ ಎಷ್ಟು ಕಾಲವೋ ಹೇಳುವಂತಿರಲಿಲ್ಲ.

ಕೊನೆಯ ಆಟದಲ್ಲಿ ಡ್ರಾ ಆದರೂ ಪಂದ್ಯ ಕಂಪನಿಯದೇ. ಗ್ರ್ಯಾಂಡ್‌ಮಾಸ್ಟರ್ ಬೇಕೆಂದೇ ಒಂದು ಆನೆ ಕೊಟ್ಟು ಕುದುರೆಯನ್ನಷ್ಟೇ ತೆಗೆದುಕೊಂಡರು, ಗೋಡೆ ಮುಚ್ಚಿದರು, ಆಮೇಲೆ ರಾಜನನ್ನು ಈ ಮನೆಯಿಂದ ಆ ಮನೆಗೆ, ಆ ಮನೆಯಿಂದ ಈ ಮನೆಗೆ ಅಡ್ಡಾಡಿಸತೊಡಗಿದರು. ಯಂತ್ರ ತಾನೇ ಗೆಲ್ಲುತ್ತಿದ್ದೇನೆಂದು ಪರದೆಯ ಮೇಲೆ ತೋರಿಸುತ್ತ, ದಾರಿ ಕಾಣದೆ ಆನೆಯನ್ನು ಸುತ್ತಾಡಿಸುತ್ತಿತ್ತು. ಕಾಲಾಳು ಕದಲದೆ, ಕಾಯಿ ಬೀಳದೆ ಇಬ್ಬರೂ ಐವತ್ತು ನಡೆ ಆಡಿದರೆ ಆಟ ಡ್ರಾ. ಅದು ಹತ್ತಿರವಾದಂತೆ ಅವಳು ಮನಸ್ಸಿನಲ್ಲೇ ಮನೆಗೆ ಹೊರಟಾಗಿತ್ತು.

ಆಗ ಪರದೆಯ ಮೇಲೆ ಕಾಲಾಳಿನ ನಡೆ ಬಂತು.

ಅವಳು ಪರದೆಯನ್ನು ಇನ್ನೊಮ್ಮೆ ಓದಿದಳು. ಆ ಕಾಲಾಳು ಸುಮ್ಮನೆ ಬಲಿಯಾಗುತ್ತದೆ; ಗೋಡೆಯಲ್ಲಿ ಬಿರುಕು ಬಿಟ್ಟು, ಅವರ ಮಂತ್ರಿ ಒಳಗೆ ಬಂದರೆ ಮುಗಿಯಿತು. ಆದರೆ ಯಂತ್ರದ ಪಾಲಿಗೆ ಡ್ರಾ ಅದಕ್ಕಿಂತ ಕೆಟ್ಟದ್ದು. ಹಾಗೆಂದು ಕಲಿಸಿದವಳು ತಾನೇ. ಇವತ್ತು ಡ್ರಾ ಸಾಕು ಎಂದು ಆ ಸಾಲು ತೆಗೆಸುವುದು ಅವಳಿಗೂ ಹೊಳೆದಿರಲಿಲ್ಲ, ಎಂಜಿನಿಯರಿಗೂ.

ಪರದೆ ಅವಳೊಬ್ಬಳ ಕಡೆಗಿತ್ತು. ಆನೆಯನ್ನೇ ಸರಿಸಿ, ಯಂತ್ರಕ್ಕೂ ಹಾಗೆಯೇ ಕೀಲಿ ಒತ್ತಿ ತಿಳಿಸಿದರೆ ಮುಗಿಯಿತು. ಅವಳು ಆನೆಯ ಕಡೆ ಕೈ ಚಾಚಿದಳು. ಗ್ರ್ಯಾಂಡ್‌ಮಾಸ್ಟರ್ ಅವಳ ಕಡೆ ನೋಡಲೇ ಇಲ್ಲ. ಅವರ ಕಣ್ಣು ಹಲಗೆಯ ಮೇಲಿತ್ತು. ಒಂದು ಆನೆ ತೆತ್ತು, ಇಡೀ ಮಧ್ಯಾಹ್ನ ಅವರು ಕಾದಿದ್ದು ಯಂತ್ರದ ತಪ್ಪಿಗಾಗಿ. ಅದು ತಪ್ಪಿತೋ ಇಲ್ಲವೋ ತಿಳಿಯಲು ಅವರಿಗೆ ಅವಳ ಕೈ ಬಿಟ್ಟರೆ ಬೇರೆ ದಾರಿ ಇರಲಿಲ್ಲ.

ಅವಳು ಕಾಲಾಳನ್ನು ತಳ್ಳಿದಳು.

ಆಮೇಲೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಪಂದ್ಯ ಸಮವಾಯಿತು.

ಹೊರಗೆ ಮೆಟ್ಟಿಲ ಬಳಿ ಎಂಜಿನಿಯರ್ ಅಡ್ಡ ನಿಂತ. "ಅಕ್ಕಾ, ಆನೆ ಪಕ್ಕದ ಮನೆಗಿಟ್ಟಿದ್ರೆ ಆಗ್ತಿತ್ತಲ್ಲ! ಯಾರು ನೋಡ್ತಿದ್ರು?"

"ಯಾರೂ ನೋಡ್ತಿರ್ಲಿಲ್ಲ ಸರ್."

"ಮತ್ತೆ?"

"ಮತ್ತೆ ಏನಿಲ್ಲ. ಡ್ರಾ ಬೇಡ ಅಂತ ಬರೆಸಿದ್ದು ನಾನು, ತೆಗೆಸೋದು ಮರೆತದ್ದೂ ನಾನು. ಮೇಲಿನವರು ಕೇಳಿದ್ರೆ ಹಾಗೇ ಹೇಳಿ."

"ಹೇಳಿದ್ರೆ ನಿಮ್ಮ ಕಾಯಂ ಕೆಲಸದ ಮಾತು ಎತ್ತೋಕಾಗಲ್ಲ, ಗೊತ್ತಲ್ಲ?"

"ಗೊತ್ತು. ಇಲ್ಲದಿದ್ರೆ ನಿಮ್ಮ ತಲೆಗೆ ಬರುತ್ತೆ."

ಅವನು ಒಂದೆರಡು ಮೆಟ್ಟಿಲಿಳಿದು ಮತ್ತೆ ತಿರುಗಿದ. "ಮರೆತಿದ್ದು ಇಬ್ರೂ ಅಂತ ಹೇಳ್ತೀನಿ," ಎಂದ.

ಹಾಗೆಯೇ ಹೇಳಿದ ಕೂಡ. ಕೆಲಸ ಕಾಯಂ ಆಗಲಿಲ್ಲ. ಗುತ್ತಿಗೆ ಮಾತ್ರ ಇನ್ನೊಂದು ವರ್ಷಕ್ಕೆ ಮುಂದುವರಿಯಿತು. ಗಂಡ ಡಿಪೋದಿಂದ ಬಂದು ಎಲ್ಲ ಕೇಳಿ, "ಆ ಮುದುಕಪ್ಪ ಗಟ್ಟಿಗ ಕಣೇ," ಎಂದ. ಗೋಡೆ ಕಟ್ಟಿದ್ದು ಹೇಗೆಂದು ತೋರಿಸು ಎಂದು ಹಠ ಹಿಡಿದ. ಅವಳು ಹಲಗೆ ತಂದು ಕಾಯಿ ಜೋಡಿಸಿದಳು.