ಏರದೆ ಬಂದ ನೀರು

ಇವತ್ತು ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದು, ಅರಿಶಿನದ ಘಾಟಿಗೆ ಸೀನುತ್ತಿರುವಾಗಲೇ ಭಾವಮೈದುನ ಮೊಬೈಲಿಗೆ ಒಂದು ವಿಡಿಯೋ ಕಳಿಸಿದ. ದಿನಾ ಅವನು ಕಳಿಸುವುದು ಮೂಲವ್ಯಾಧಿಯ ಮನೆಮದ್ದು, ಇವತ್ತು ಸಮುದ್ರ. ಹಡಗೊಂದು ತನ್ನ ಪಾಡಿಗೆ ಹೊರಟಿದೆ. ಸುತ್ತ ಸಾಧಾರಣ ಅಲೆಗಳು. ಅವುಗಳ ನಡುವಿನಿಂದ ಒಂದೇ ಒಂದು ಅಲೆ, ಉಳಿದವುಗಳಿಗಿಂತ ಎರಡು ಪಟ್ಟು ದೊಡ್ಡದು, ಗೋಡೆಯ ಹಾಗೆ ಎದ್ದು ಹಡಗಿನ ಮೂತಿಯ ಮೇಲೆ ಬಿತ್ತು. ನಾನು ಗಲ್ಲಾದ ಮುಂದೆ ಕೂತುಬಿಟ್ಟೆ. ಬಸು ಕಾಕಾ ಇಷ್ಟು ವರ್ಷ ಹೇಳುತ್ತಿದ್ದದ್ದು ಇದನ್ನೇ.

ಬಸು ಕಾಕಾ ನಮ್ಮಪ್ಪನ ಕೊನೆಯ ತಮ್ಮ. ಅರಿಶಿನ ಮಾರುವ ಮನೆತನದಲ್ಲಿ ಹುಟ್ಟಿಯೂ ಹಡಗಿನ ಕೆಲಸಕ್ಕೆ ಹೋದ ಏಕೈಕ ಪ್ರಾಣಿ. ಹೋಗುವಾಗ ಹೊಳೆಯಾಚೆ ಸಾಂಗ್ಲಿವಾಡಿಯ ಗೆಳೆಯ ಸಿದ್ದುವನ್ನೂ ಕರಕೊಂಡು ಹೋದ. ಮಿರಜ ಸ್ಟೇಷನ್ನಿನಲ್ಲಿ ಇಬ್ಬರನ್ನೂ ರೈಲು ಹತ್ತಿಸಿ ಬಂದಿದ್ದೆವು. ತಿರುಗಿ ಇಳಿದವನು ಕಾಕಾ ಒಬ್ಬನೇ. ಅದು ನಡೆದ ದಿನ ಸಮುದ್ರದ ಮೇಲೆ ಚೊಕ್ಕ ಬಿಸಿಲಿತ್ತಂತೆ. ಸಿದ್ದು ಡೆಕ್ಕಿನ ಮೇಲೆ ಹಗ್ಗ ಸುತ್ತುತ್ತಿದ್ದ, ಕಾಕಾ ಬಾಗಿಲಲ್ಲಿದ್ದ. ಒಂದು ಅಲೆ ಬಂತು, ಹೋಯಿತು. ಹಗ್ಗವೂ ಇರಲಿಲ್ಲ, ಸಿದ್ದುವೂ ಇರಲಿಲ್ಲ.

ಇದನ್ನು ನಮ್ಮ ಸಾಂಗ್ಲಿಯವರಿಗೆ ಹೇಳಿ ನೋಡಿ! ನೀರಿನ ವಿಷಯದಲ್ಲಿ ನಾವು ಹುಟ್ಟಾ ಪಂಡಿತರು. ಮೇಲೆ ಧರಣದಿಂದ, ಅಂದರೆ ಅಣೆಕಟ್ಟಿನಿಂದ, ನೀರು ಬಿಟ್ಟ ಸುದ್ದಿ ಮೊದಲು ಬರುತ್ತದೆ. ಸೇತುವೆಯ ಹತ್ತಿರ ಎಷ್ಟು ಫೂಟಾಯಿತು ಎಂದು ಕೇಳಿಕೊಂಡು, ಚಹಾ ಕುಡಿದು, ಮೂಟೆಗಳನ್ನು ಮಾಳಿಗೆಗೆ ಸಾಗಿಸಿ, ಮತ್ತೆ ಚಹಾ ಕುಡಿಯುತ್ತೇವೆ. ಕೃಷ್ಣೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತಾಳೆ. ಮನೆ ಮುಳುಗಿಸುತ್ತಾಳೆ ನಿಜ, ಆದರೆ ಹೇಳಿ ಮುಳುಗಿಸುತ್ತಾಳೆ. ಹಾಗಾಗಿ ಅಪ್ಪ ಕಾಕಾನನ್ನು ಮೊದಲು ಕೇಳಿದ್ದು, "ಯಾವ ಧರಣದ ನೀರ ಬಿಟ್ಟಿದ್ರೋ?"

"ಅಣ್ಣಾ, ಸಮುದ್ರಕ್ಕ ಎಲ್ಲೀ ಧರಣರಿ?"

"ಮತ್ತ ನೀರ ಹೆಂಗ ಬಂತು?" ಅಪ್ಪನ ಪಾಟೀಸವಾಲು ಅಲ್ಲಿಗೆ ಮುಗಿಯಿತು.

ಅಪ್ಪನ ಮಾತಿಗೆ ನಗಬಹುದಿತ್ತು. ಸಿದ್ದುವಿನ ತಾಯಿ ಗೌರವ್ವನ ಮಾತಿಗೆ ನಗಲಾಗಲಿಲ್ಲ. "ನೀರ ಏರೂತನಕ ನೀ ಏನ್ ಮಾಡಾಕತ್ತಿದ್ದಿ, ಬಸ್ಯಾ? ನನ್ನ ಮಗನ್ನ ಒಮ್ಮೆರ ಕೂಗಿ ಕರೀಲಿಲ್ಲಲ್ಲೋ?"

ಹೊಳೆದಂಡೆಯ ಹೆಂಗಸು, ನೀರು ಏರದೆಯೂ ಬರುತ್ತದೆಂದು ಅವಳಿಗೆ ಯಾರು ಹೇಳಬೇಕು? ಕಾಕಾ ಮತ್ತೆ ಹಡಗು ಹತ್ತಲಿಲ್ಲ. ಪ್ರತಿ ದೀಪಾವಳಿಗೆ ಸೇತುವೆ ದಾಟಿ ಚಕ್ಕುಲಿ, ಉಂಡೆ ತುಂಬಿದ ಫರಾಳದ ಡಬ್ಬಿ ಒಯ್ಯುತ್ತಿದ್ದ. ಗೌರವ್ವ ಡಬ್ಬಿ ಇಸಕೊಳ್ಳುವಳು, ಒಳಗೆ ಬಾ ಅನ್ನಳು. ಕಾಕಾ ಅಂಗಳದಲ್ಲೇ ನಿಂತು, ಮಳೆ-ಬೆಳೆ ವಿಚಾರಿಸಿ, ಖಾಲಿ ಕೈಯಲ್ಲಿ ಬರುತ್ತಿದ್ದ.

ಇವತ್ತು ಅಂಗಡಿಗೆ ಬಂದ ಕಾಕಾನಿಗೆ ಆ ವಿಡಿಯೋ ತೋರಿಸಿದೆ. ಕಾಕಾ ಕನ್ನಡಕ ಏರಿಸಿ ನೋಡಿದ. "ಇದು ಸಣ್ಣದೈತಿ," ಅಂದ. ಆಮೇಲೆ ಎದ್ದು ಹೋಗಿ ನನ್ನ ಸ್ಕೂಟರಿನ ಹಿಂದಿನ ಸೀಟಿನಲ್ಲಿ ಕೂತ. ನಾನು ಗಾಡಿಯನ್ನು ಸೇತುವೆಯ ಕಡೆ ತಿರುಗಿಸಿದೆ.

ಗೌರವ್ವ ಹೊಸ್ತಿಲ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಳು. ಮೊಬೈಲನ್ನು ಅವಳ ಕಣ್ಣಿಗೆ ಹತ್ತಿರ ಹಿಡಿದೆ. ಅಲೆ ಬಿತ್ತು.

"ಇನ್ನೊಮ್ಮೆ ತೋರಸು."

ತೋರಿಸಿದೆ.

"ಇದು ಏರಂಗೇ ಇಲ್ಲಲ್ಲೋ," ಅಂದಳು. "ಬರತೈತಿ, ಅಷ್ಟ." ಆಮೇಲೆ, ನಮಗಲ್ಲ, ಮೊರದೊಳಗಿನ ಜೋಳಕ್ಕೆ ಹೇಳಿದಳು, "ಕೂಗಾಕ ವ್ಯಾಳ್ಯಾ ಎಲ್ಲಿತ್ತು?"

ಅವಳು ಮೊರ ಬದಿಗೆ ಸರಿಸಿ, ಮೊಣಕಾಲು ಹಿಡಿದು ಎದ್ದು, ಬಾಗಿಲು ಬಿಟ್ಟು ನಿಂತಳು.

"ಒಳಗ ಬಾ, ಬಸು. ಅಂಗಳದಾಗ ನಿಂತ ನಿಂತ ಮುದುಕ ಆದಿ."

ಚಪ್ಪಲಿ ಬಿಡಲಿಕ್ಕೆ ಬಗ್ಗಿದ ಕಾಕಾ ಬಹಳ ಹೊತ್ತು ಮೇಲೇಳಲಿಲ್ಲ.