ಐದನೇ ತಿಂಗಳಿಗೆ ಒಂದೂಮುಕ್ಕಾಲು

ನಮ್ಮ ಕಡೆ ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ಆಮೇಲೆ ತಾಯಿ ಮಗುವನ್ನು ಗಂಡನ ಮನೆಗೆ ಕರೆತರುವುದು ಬೆಸ ತಿಂಗಳಲ್ಲಿ. ಮೂರು, ಐದು, ಇಲ್ಲವೇ ಏಳು. ಸಮ ತಿಂಗಳಲ್ಲಿ ಹೊಸ್ತಿಲು ದಾಟಿಸಿದರೆ ಮಗುವಿಗೆ ಆಗಿಬರುವುದಿಲ್ಲ ಎಂದು ನಮ್ಮವ್ವ ನಂಬಿದ್ದಳು, ಆವತಿಯಲ್ಲಿದ್ದ ನಮ್ಮ ಮಾವನೂ ನಂಬಿದ್ದರು. ನಂಬದೆ ಇದ್ದವನು ನಾನೊಬ್ಬ. ನನ್ನ ಮಾತಿಗೆ ಬೆಲೆ ಎಲ್ಲಿತ್ತು? ಪ್ರೈಮರಿ ಸ್ಕೂಲಿನ ಮೇಷ್ಟ್ರು, ಅದರ ಮೇಲೆ ತಲೆಗೆ ಮಾತ್ರೆ ತಿನ್ನುವವನು.

ಎಪ್ಪತ್ತರ ದಶಕದ ಮೊದಲ ವರ್ಷಗಳು. ದೊಡ್ಡಬೆಳವಂಗಲದ ಹತ್ತಿರದ ನಮ್ಮೂರಿನಲ್ಲಿ ಮದುವೆಯಾದ ಮರುವರ್ಷವೇ ನಾನು ಕುಸಿದುಬಿದ್ದೆ. ಜ್ವರವಿಲ್ಲ, ಗಾಯವಿಲ್ಲ. ಬೆಳಿಗ್ಗೆ ಏಳಲಾಗುತ್ತಿರಲಿಲ್ಲ, ಮುದ್ದೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ, ಹಾಜರಿ ಕೂಗುವಾಗ ಕಾರಣವಿಲ್ಲದೆ ಅಳು ಬರುತ್ತಿತ್ತು. ಮೂರು ತಿಂಗಳು ಯಂತ್ರ ಕಟ್ಟಿಸಿದ್ದಾಯಿತು, ದೃಷ್ಟಿ ತೆಗೆದದ್ದಾಯಿತು. ಕೊನೆಗೆ ನಮ್ಮಣ್ಣ ಬಸ್ಸಿಗೆ ಹತ್ತಿಸಿಕೊಂಡು ಬೆಂಗಳೂರಿನ ಆಸ್ಪತ್ರೆಗೆ ಕರೆದೊಯ್ದ. ಅಲ್ಲಿಯ ಡಾಕ್ಟರಮ್ಮ ಒಂದು ಗಂಟೆ ಮಾತಾಡಿಸಿ, ದಿನಕ್ಕೆ ಮೂರು ಮಾತ್ರೆ ಬರೆದುಕೊಟ್ಟರು. ಒಂದೂವರೆ ತಿಂಗಳಿಗೆ ಮುದ್ದೆ ರುಚಿಸಿತು. ವರ್ಷ ಕಳೆಯುವಷ್ಟರಲ್ಲಿ ಹೆಂಡತಿ ಬಸುರಿ, ನಾನು ಮಗ್ಗಿ ತಪ್ಪಿದವರನ್ನು ಗದರಿಸುವ ಹಳೆಯ ಮೇಷ್ಟ್ರು.

ಪುಷ್ಯದಲ್ಲಿ ಹೆಣ್ಣು ಮಗು ಹುಟ್ಟಿತು. ತೊಟ್ಟಿಲಿಗೆ ಹಾಕುವ ದಿನ ಮಗುವಿನ ಮುಖ ನೋಡೋಣವೆಂದು ಬಗ್ಗಿದೆ, ಅಂಗಿಯ ಜೇಬಿನಿಂದ ಮಾತ್ರೆಯ ಪೊಟ್ಟಣ ಜಾರಿ ನೇರವಾಗಿ ಮಗುವಿನ ಪಕ್ಕದಲ್ಲೇ ಬಿತ್ತು. ಎತ್ತಿಕೊಂಡವರು ಮಾವ. ಏನು, ಯಾಕೆ ಎಂದು ಕೇಳಿದರು. ನಮ್ಮವ್ವ "ತಲೆನೋವಿಗೆ" ಎಂದಳು, ನಾನು ಅದೇ ಗಳಿಗೆಯಲ್ಲಿ "ಹೊಟ್ಟೆನೋವಿಗೆ" ಎಂದೆ. ಇನ್ನು ಮುಚ್ಚಿಡುವುದೇನು ಬಂತು!

ಮಾವ ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ಎರಡು ಮಾತು ಆಡಿ ಹಗುರಾಗುತ್ತಿದ್ದೆ. ಪೊಟ್ಟಣ ನನ್ನ ಕೈಗಿಟ್ಟು, "ಅಳಿಯಂದ್ರೇ, ಇದನ್ನ ಬಿಟ್ಟು ಬನ್ನಿ. ಐದನೇ ತಿಂಗಳಿಗೆ ಮಗಳನ್ನೂ ಮಗೂನೂ ಕಳಿಸ್ಕೊಡ್ತೀನಿ. ಇದು ಜೇಬಲ್ಲಿರೋಗಂಟ ಕಳಿಸಾಕಿಲ್ಲ," ಅಂದರು.

ಮಾಘದಲ್ಲಿ ಡಾಕ್ಟರಮ್ಮನ ಮುಂದೆ ಹೋಗಿ ಕುಳಿತೆ. ಬಿಡುವ ಕಾಲ ಬಂದಿದೆ ಎಂದು ಅವರೂ ಒಪ್ಪಿದರು. ಆದರೆ ತಿಂಗಳಿಗೆ ಅರ್ಧ ಮಾತ್ರೆಯಂತೆ ಇಳಿಸಬೇಕು ಎಂದರು. "ಅಟ್ಟ ಹತ್ತಿದೋರು ಮೆಟ್ಟಿಲು ಮೆಟ್ಟಿಲಾಗಿ ಇಳೀಬೇಕು ಮೇಷ್ಟ್ರೇ, ಧುಮುಕಬಾರದು. ಏನಾದ್ರೂ ಹೆಚ್ಚುಕಮ್ಮಿ ಅನ್ನಿಸಿದ್ರೆ ಇಳಿಸೋದನ್ನ ಅಲ್ಲೇ ನಿಲ್ಸಿ ನನ್ನ ಹತ್ರ ಬನ್ನಿ."

ಬಸ್ಸಿನಲ್ಲಿ ಬೆರಳು ಮಡಚಿ ಎಣಿಸಿದೆ. ಐದನೇ ತಿಂಗಳು ವೈಶಾಖ. ಮಾತ್ರೆ ಪೂರ್ತಿ ನಿಲ್ಲುವುದು ಆಷಾಢಕ್ಕೆ. ಅದು ಏಳನೇ ತಿಂಗಳು, ಬೆಸ ತಿಂಗಳೇನೋ ಹೌದು; ಆಷಾಢದಲ್ಲಿ ಸೊಸೆಯನ್ನು ಯಾರು ಕರೆತರುತ್ತಾರೆ? ಹಾಗಾದರೆ ಒಂಬತ್ತು. ಅಷ್ಟು ಹೊತ್ತಿಗೆ ಮಗು ಅಂಬೆಗಾಲಿಕ್ಕುತ್ತಾ ನನ್ನನ್ನು ಕಂಡು ಹೊಸಬರೆಂದು ಅಳುತ್ತಿರುತ್ತದೆ. ಒಂಬತ್ತಕ್ಕೆ ಮಾವ ಇನ್ನೊಂದು ನೆಪ ತೆಗೆದರೆ? ಬಸ್ಸು ದೊಡ್ಡಬಳ್ಳಾಪುರ ಮುಟ್ಟುವಷ್ಟರಲ್ಲಿ ಹೆಂಡತಿ ತವರಿನಲ್ಲೇ ಉಳಿದು, ಮಗಳು ಅಲ್ಲಿಯ ಸ್ಕೂಲಿಗೆ ಸೇರಿಬಿಟ್ಟಿದ್ದಳು, ನನ್ನ ತಲೆಯೊಳಗೆ.

ಆ ಮಾತ್ರೆಗೆ ಮೇಲೆ ಸಕ್ಕರೆಯ ಲೇಪ. ಕ್ಷೌರದ ಬ್ಲೇಡಿನಿಂದ ಒತ್ತಿದರೆ ಪುಟಕ್ಕನೆ ಹಾರಿ ಒರಳಿನ ಸಂದಿಗೆ ಸೇರುತ್ತಿತ್ತು. ಸಿಕ್ಕಿದರೂ ಒಂದು ಹೋಳು ದಪ್ಪ, ಇನ್ನೊಂದು ತೆಳು. ದಪ್ಪದ್ದನ್ನು ನುಂಗಿದರೆ ಮೋಸ ಮಾಡಿದಂತೆ, ತೆಳ್ಳಗಿನದನ್ನು ನುಂಗಿದರೆ ಇವತ್ತೇ ಬಿದ್ದುಹೋಗುತ್ತೇನೆ ಎಂಬ ದಿಗಿಲು. ಹೇಗೋ ಎರಡೂವರೆ ದಾಟಿ, ಫಾಲ್ಗುಣಕ್ಕೆ ಎರಡಕ್ಕೆ ಬಂದೆ. ಏನೂ ಆಗಲಿಲ್ಲ. ಆಗಲಿಲ್ಲವಲ್ಲ ಎಂಬುದೇ ನನ್ನನ್ನು ಕೆಡಿಸಿತು. ಒಂದು ಸೋಮವಾರ ಡಾಕ್ಟರಮ್ಮನಿಗೂ ಹೇಳದೆ, ಅಣ್ಣನಿಗೂ ಹೇಳದೆ, ಎರಡನ್ನೂ ಒಟ್ಟಿಗೇ ನಿಲ್ಲಿಸಿದೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಮಕ್ಕಳ ಕೈಯಲ್ಲಿ ಕಾಪಿ ಬರೆಸುತ್ತಿದ್ದವನು ನಾನೇ.

ಮೂರನೇ ದಿನ ಬೆವರು ಕಿತ್ತುಕೊಂಡಿತು. ಹೊಟ್ಟೆ ತೊಳಸಿ ಬಂತು, ಕೈಕಾಲು ಒಂದು ಕಡೆ ನಿಲ್ಲಲೊಲ್ಲವು. ಕಣ್ಣು ಮುಚ್ಚಿದರೆ ಎಂಥೆಂಥದೋ ಕನಸು. ಕ್ಲಾಸಿನಲ್ಲಿ ಒಬ್ಬ ಹುಡುಗಿ ಬಳಪ ಕೇಳಿದ್ದಕ್ಕೆ ಎಂಥ ಕೂಗು ಕೂಗಿದೆನೆಂದರೆ, ಇಡೀ ಕ್ಲಾಸು ಗೋಡೆಗೆ ಅಂಟಿಕೊಂಡಿತು. ಆ ಹುಡುಗಿ ಅಳಲೂ ಇಲ್ಲ, ನನ್ನ ಮುಖವನ್ನೇ ನೋಡುತ್ತಿದ್ದಳು. ನನಗೆ ಆವತ್ತಾದಷ್ಟು ನಾಚಿಕೆ ಮತ್ತೆ ಯಾವತ್ತೂ ಆಗಿಲ್ಲ. ರೋಗ ಮರಳಿ ಬಂತು, ಇನ್ನು ಮಗಳ ಮುಖ ನೋಡಿದ ಹಾಗೆಯೇ ಅಂದುಕೊಂಡೆ.

ಅಣ್ಣ ಮತ್ತೆ ಬೆಂಗಳೂರಿಗೆ ಎಳೆದೊಯ್ದ. ಡಾಕ್ಟರಮ್ಮ ಎಲ್ಲವನ್ನೂ ಕೇಳಿ, "ಇದು ನಿಮ್ಮ ಹಳೇ ಕಾಯಿಲೆ ಅಲ್ಲ. ಅಭ್ಯಾಸ ಆದ ಔಷಧಿ ಒಂದೇ ಸಲ ನಿಂತಿದ್ದಕ್ಕೆ ದೇಹ ಮಾಡೋ ಗಲಾಟೆ. ಯಾರು ನಿಲ್ಸಿ ಅಂದಿದ್ದು?" ಎಂದರು. ನಾನು ಬೆಸ ತಿಂಗಳ ಕಥೆ ಹೇಳಿದೆ. ಅವರು ನಗಲಿಲ್ಲ. "ಕ್ಯಾಲೆಂಡರ್ ನೋಡಿ ಇಳಿಸೋದಲ್ಲ, ನಿಮ್ಮನ್ನ ನೋಡಿ ಇಳಿಸೋದು." ಮತ್ತೆ ಎರಡಕ್ಕೆ ಹತ್ತಿಸಿದರು. ಯುಗಾದಿ ಕಳೆಯುವವರೆಗೂ ಎರಡೇ. ಆಮೇಲೆ ಸಲಕ್ಕೆ ಕಾಲು ಮಾತ್ರೆ ಮಾತ್ರ, ಪ್ರತಿ ಸಲವೂ ತೋರಿಸಿಕೊಂಡೇ. ಅವಸರ ಮಾಡಿ ಗಳಿಸಿದ್ದು ಇದು: ವೈಶಾಖ ಬಂದಾಗ ನಾನು ಒಂದೂಮುಕ್ಕಾಲಿನಲ್ಲಿದ್ದೆ. ಸುಮ್ಮನೆ ಹೇಳಿದಂತೆ ಕೇಳಿದ್ದರೆ ಒಂದರಲ್ಲಿರುತ್ತಿದ್ದೆ.

ಅವ್ವ ಮಡಿಲಕ್ಕಿ, ಬಾಳೆಹಣ್ಣು, ಮಗುವಿಗೆ ಬೆಳ್ಳಿ ಕಡಗ ಕಟ್ಟಿಕೊಂಡು ಹೊರಟಳು. ದೇವನಹಳ್ಳಿಯಲ್ಲಿ ಬಸ್ಸು ಬದಲಾಯಿಸುವಾಗ ನನ್ನ ಕಿವಿಗೆ ಬಾಯಿಟ್ಟು, "ಬಿಟ್ಟೆ ಅಂತ ಒಂದು ಮಾತಂದ್ಬಿಡು ಮಗ. ನಮ್ಮನೆ ಸೇರ್ದಮ್ಯಾಲೆ ಯಾರು ನೋಡಾಕ್ ಬತ್ತಾರೆ?" ಎಂದಳು. ನಾನೂ ಅದನ್ನೇ ನಿಶ್ಚಯಿಸಿದ್ದೆ. ಪೊಟ್ಟಣವನ್ನು ಈ ಸಲ ಚೀಲದ ತಳಕ್ಕೆ ಹಾಕಿದ್ದೆ.

ಮಾವ ಜಗಲಿಯ ಮೇಲೆ ಕೂತಿದ್ದರು. ಕಾಲಿಗೆ ನೀರು ಕೊಟ್ಟು, ಕೂರಿಸಿ, ಕೇಳಿಯೇಬಿಟ್ಟರು. "ಬಿಟ್ರಾ ಅಳಿಯಂದ್ರೇ?"

ಬಾಗಿಲ ಹಿಂದೆ ಬಳೆ ಸದ್ದಾಯಿತು. ಹೆಂಡತಿ ಕೇಳಿಸಿಕೊಳ್ಳುತ್ತಿದ್ದಳು. ಬಾಯಲ್ಲಿ ಸುಳ್ಳು ಸಿದ್ಧವಿತ್ತು. ಆದರೆ ಆ ಸುಳ್ಳನ್ನು ಉಳಿಸಿಕೊಳ್ಳಲು ಮತ್ತೆ ಎಲ್ಲವನ್ನೂ ಒಟ್ಟಿಗೆ ನಿಲ್ಲಿಸಬೇಕಾಗುತ್ತದೆ, ಮತ್ತೆ ಆ ಬೆವರು, ಆ ಕೂಗು, ಈ ಸಲ ನನ್ನ ಮಗಳ ಮುಂದೆ. ಭಯದಿಂದಲೇ ನಿಜ ಹೇಳಿದೆ. "ಇಲ್ಲ ಮಾವ. ಇನ್ನೂ ಒಂದೂಮುಕ್ಕಾಲು ಐತೆ. ಒಂದೇ ಸಲ ಬಿಟ್ಟು ನೋಡ್ದೆ, ಆಗ್ಲಿಲ್ಲ."

ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಮಾವ ಬೆರಳು ಮಡಚಿ ತಿಂಗಳು ಎಣಿಸಿದರು. "ಹಂಗಾದ್ರೆ ಒಂಬತ್ತನೇ ತಿಂಗಳಿಗೆ ನೋಡಾಣ," ಎಂದರು.

ಆಗ ನನ್ನ ಹೆಂಡತಿ ಮಗುವನ್ನು ಎತ್ತಿಕೊಂಡು ಹೊರಗೆ ಬಂದಳು. ಅಪ್ಪನ ಮುಂದೆ ದನಿ ಎತ್ತಿದವಳಲ್ಲ, ಆವತ್ತೂ ಎತ್ತಲಿಲ್ಲ. "ಅಪ್ಪ, ಮಾತ್ರೆ ಇಲ್ದೆ ಇದ್ದ ಮೂರು ತಿಂಗಳು ಇವ್ರನ್ನ ನಾನು ನೋಡಿವ್ನಿ. ಇವ್ರು ತೋಟದ ಬಾವಿ ಕಡೆ ಹೊಂಟಾಗೆಲ್ಲ ಬಿಂದಿಗೆ ಎತ್ಕಂಡು ಹಿಂದೆ ಹೋಗ್ತಿದ್ದೆ. ತುಂಬಿದ ಬಿಂದಿಗೇನ ಚೆಲ್ಲಿ ಮತ್ತೆ ಹೋಗ್ತಿದ್ದೆ. ಮಾತ್ರೆ ಅಂದ್ರೆ ನಂಗೆ ಭಯ ಇಲ್ಲ. ಬಿಟ್ಬಿಟ್ಟೆ ಅಂತ ಬಂದಿದ್ರೆ ಭಯ ಆಗ್ತಿತ್ತು. ನಾನಿವತ್ತು ಹೋಗ್ತೀನಿ."

ಮಾವ ಒಳಗೆ ತಿರುಗಿ, ಮಗುವಿನ ಬಟ್ಟೆಗಳನ್ನು ಕಟ್ಟಲು ಅತ್ತೆಗೆ ಹೇಳಿದರು.

ಸಂಜೆಯ ಬಸ್ಸಿನಲ್ಲಿ ಅವ್ವ ಮುಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದಳು. ಹೆಂಡತಿ ಮಗುವನ್ನು ನನ್ನ ತೊಡೆಯ ಮೇಲಿಟ್ಟಳು. ಆ ದಿನಗಳಲ್ಲಿ ಇವಳಿಗೇನು ಹೊತ್ತುಗೊತ್ತಿಲ್ಲದೆ ನೀರಿನ ಹುಚ್ಚು ಎಂದು ನಾನು ಸಿಡುಕಿದ್ದೆ, ಎರಡು ಮೂರು ಸಲ. ಅದನ್ನು ಹೇಳೋಣವೆಂದು ಬಾಯಿ ತೆರೆದೆ. ಒಂದು ಕೈಯನ್ನು ಮಗುವಿನಿಂದ ತೆಗೆದು ಅವಳ ಕಡೆ ತಿರುಗಿದೆ.

"ಎರಡೂ ಕೈಯಾಗೆ ಹಿಡ್ಕಳ್ರೀ," ಅಂದಳು ಅವಳು. "ಕತ್ತು ಇನ್ನೂ ಎಳೇದು."