ಅತ್ತೆಯವರು ಕೂಡಿಸಿದ ಅಚ್ಚಿನ ಜೋಡಿಗಳು

ಅಮಾವಾಸ್ಯೆಯ ದಿನ ನಮ್ಮ ಮನೆಯಲ್ಲಿ ಬೆಳಗಾಗುವುದು ಗಿರಣಿಯ ಸದ್ದಿಲ್ಲದೆ. ಸಂಜೆಯ ತನಕ ಗಿರಣಿಗೆ ರಜೆ. ಅಂದೂ ಹಾಗೆಯೇ. ನಳದ ನೀರು ನಿಲ್ಲುವುದರೊಳಗೆ ಹಂಡೆ, ಕೊಡ, ಕಡೆಗೆ ಚರಿಗೆಗಳನ್ನೂ ತುಂಬಿಟ್ಟೆ. ಬಾಗಿಲಿಗೆ ನೀರು ಹೊಡೆದು ರಂಗೋಲಿ ಎಳೆದು ರೊಟ್ಟಿ ಬಡಿಯಲು ಕೂತೆ. ನನ್ನ ರೊಟ್ಟಿಯ ಅಂಚು ಸೀಳುವುದನ್ನು ಅತ್ತೆಯವರು ಮದುವೆಯಾದಾಗಿನಿಂದ ಕಂಡವರೇ. ಆದರೂ ದಿನವೂ ಹೊಸದಾಗಿ ಕಂಡವರಂತೆ ಬಗ್ಗಿ ನೋಡಿ ಹೋಗುತ್ತಿದ್ದರು.

ಬೆಟಗೇರಿಯ ನಮ್ಮ ಮನೆಯ ಮುಂದಿನ ಕೋಣೆಯೇ ಹಿಟ್ಟಿನ ಗಿರಣಿ. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಡೀಸೆಲ್ ಎಂಜಿನ್ ತೆಗೆದು ಕರೆಂಟಿನ ಮೋಟರು ಕೂಡಿಸಿ ವರ್ಷ ತುಂಬಿರಲಿಲ್ಲ. ಲಕ್ಷ್ಮೇಶ್ವರದಿಂದ ಚಕ್ಕಡಿಯಲ್ಲಿ ತಂದ ಆ ಎಂಜಿನ್ನನ್ನು ಮಾರಲು ಮಾವನವರಿಗೆ ಮನಸ್ಸಾಗದೆ ಹಿತ್ತಲಲ್ಲಿ ತಾಡಪತ್ರಿ ಹೊದಿಸಿ ಇಟ್ಟಿದ್ದರು. ಸಂಜೆಗೊಮ್ಮೆ ಹೋಗಿ ಅದರ ಮೈ ಸವರಿ ಬರುತ್ತಿದ್ದರು. ನನಗೆ ಮಾತ್ರ ಅದರ ನೆನಪೇ ಬೇಡವಾಗಿತ್ತು. ಅದರ ಹೊಗೆಕೊಳವೆ ನನ್ನ ಅಡಿಗೆಮನೆಯ ಕಿಟಕಿಯ ಪಕ್ಕಕ್ಕೇ ಇತ್ತು. ಒಣಹಾಕಿದ ಬಿಳಿ ಧೋತರ ಬೂದಿಬಣ್ಣಕ್ಕೆ ತಿರುಗುತ್ತಿತ್ತು, ಹಾಲಿನ ಕೆನೆಯ ಮೇಲೆ ಮಸಿಯ ಚುಕ್ಕೆ ಕೂಡುತ್ತಿತ್ತು.

ಮೋಟರಿನ ವಾಯರು ಪದೇ ಪದೇ ಸುಡುತ್ತಿತ್ತು. ವಾಯರಿನ ತುದಿಗೆ ಲಗ್ಗು ಎಂಬ ಅಲ್ಯುಮಿನಿಯಂ ಟೋಪಿ ಹಾಕುತ್ತಾರೆ. ಅದನ್ನು ನಮ್ಮ ಯಜಮಾನರು ಸುತ್ತಿಗೆಯಿಂದ ಬಡಿದು ಕೂಡಿಸುತ್ತಿದ್ದರು. ಅದು ಸಡಿಲಾಗಿ, ಕಾದು, ನಾತ ಹೊಡೆದು ಗಿರಣಿ ನಿಲ್ಲುತ್ತಿತ್ತು. ಹಿಂದಿನ ದಿನವೂ ನಿಂತಾಗ ಮಾವನವರು ಮಗನಿಗೆ ತಣ್ಣಗೆ ಹೇಳಿದ್ದರು: “ತಮ್ಮಾ, ಇನ್ನೊಮ್ಮಿ ಸುಟ್ಟರ ಎಂಜಿನ್ ಒಳಗ ಬರತೈತಿ ನೋಡು.”

ಅದಕ್ಕೇ ಯಜಮಾನರು ಹುಬ್ಬಳ್ಳಿಯ ಗೆಳೆಯರ ಹತ್ತಿರ ಹೈಡ್ರಾಲಿಕ್ ಯಂತ್ರವೊಂದನ್ನು ಕೇಳಿ ತಂದಿದ್ದರು. ಹಿಡಿಕೆ ಒತ್ತುತ್ತ ಹೋದರೆ ಒಳಗಿನ ಎಣ್ಣೆಯ ಒತ್ತಡಕ್ಕೆ ಎರಡು ಅಚ್ಚುಗಳು ಕೂಡಿ, ನಡುವಿನ ಲಗ್ಗು ವಾಯರನ್ನು ಬಿಗಿಯಾಗಿ ಅಪ್ಪಿಕೊಳ್ಳುತ್ತಿತ್ತು. ಒಂದೊಂದು ದಪ್ಪದ ವಾಯರಿಗೆ ಒಂದೊಂದು ಅಚ್ಚಿನ ಜೋಡಿ.

“ಅಮಾಸಿ ದಿನ ಪೂಜಿ ಇಲ್ಲದ ಮುಟ್ಟಬ್ಯಾಡ್ರಿ,” ಎಂದು ಅತ್ತೆಯವರು ಅಚ್ಚುಗಳನ್ನೆಲ್ಲ ಹುಣಸೆಹಣ್ಣು ಹಚ್ಚಿ ತಿಕ್ಕಿ ತೊಳೆದರು. ಮಣೆಯ ಮೇಲೆ ಸಾಲಾಗಿ ಇಟ್ಟು ವಿಭೂತಿ ಬಳಿದು ಕುಂಕುಮ ಏರಿಸಿದರು. ಮಾವನವರು ಯಂತ್ರವನ್ನು ಸುತ್ತು ಹಾಕಿ ನೋಡಿ, “ದೊಡ್ಡ ಅಡಕೊತ್ತ ಇದ್ದಂಗ ಐತಿ. ಒಂದು ಅಡಕಿ ಇಟ್ಟು ನೋಡೂಣೇನು?” ಎಂದರು.

“ಅಪ್ಪಾ, ಚೂರು ಸಿಡದು ಕಣ್ಣಾಗ ಹೋದೀತು. ಕೈನೂ ಸನೇಕ ತರಬ್ಯಾಡ. ಇದಕ್ಕ ಬೆರಳು ಯಾವುದು, ಲಗ್ಗು ಯಾವುದು ತಿಳಿಯಂಗಿಲ್ಲ.”

ಮಾವನವರು ಅಡಿಕೆಯನ್ನು ಬಾಯಿಗೇ ಹಾಕಿಕೊಂಡರು.

ಯಜಮಾನರು ಮೇನ್ ಸ್ವಿಚ್ಚು ಇಳಿಸಿ, ಯಾರೂ ಮರೆತು ಹಾಕಬಾರದೆಂದು ಫ್ಯೂಜುಗಳನ್ನು ಕಿತ್ತು ಜೇಬಿಗಿಟ್ಟುಕೊಂಡರು. ವಾಯರಿನ ಸಿಪ್ಪೆ ಸುಲಿದು, ಲಗ್ಗಿನೊಳಗೆ ಪೂರ್ತಿ ತೂರಿಸಿ, ಹಿಡಿಕೆ ಒತ್ತಿದರು. ಕಡೆಗೊಮ್ಮೆ ಪರೀಕ್ಷೆಗೆಂದು ಎಳೆದರೆ ಲಗ್ಗು ಸಲೀಸಾಗಿ ಕೈಗೆ ಬಂತು. ಅದರ ಒಂದು ಮೈ ನಜ್ಜುಗುಜ್ಜು, ಇನ್ನೊಂದು ಮೈ ನುಣ್ಣಗೆ. ಎರಡೂ ಬದಿಗೆ ಆನೆಕಿವಿಯಂತೆ ತಗಡು ಚಾಚಿತ್ತು. ಮಾವನವರು ಲಗ್ಗನ್ನು ಒಮ್ಮೆ ತಿರುಗಿಸಿ ನೋಡಿದರು. ಎದ್ದು ಹಿತ್ತಲಿಗೆ ಹೋದರು. ತಾಡಪತ್ರಿ ಸರಿಸಿದ ಸದ್ದು ಕೇಳಿ ನಾನು ಯಂತ್ರದ ಹತ್ತಿರ ಬಂದು ಕೂತೆ.

ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರುಗಳು ಕಾಲುಚೀಲದ ಜೋಡಿ ನೋಡಿಯೇ ನಮ್ಮನ್ನು ಒಳಗೆ ಬಿಡುತ್ತಿದ್ದರು. ಆ ರೂಢಿಯಿಂದಲೋ ಏನೋ, ಯಂತ್ರದೊಳಗಿನ ಅಚ್ಚುಗಳ ಮೇಲೆ ನನ್ನ ಕಣ್ಣು ಹೋಯಿತು. ಅವನ್ನು ಹೊರಗೆ ತೆಗೆಸಿ ಸೆರಗಿನಿಂದ ವಿಭೂತಿ ಒರೆಸಿದೆ. ಅಡಿಯಲ್ಲಿ ಸಣ್ಣ ಅಂಕಿಗಳಿದ್ದವು.

“ಇಲ್ಲಿ ನೋಡ್ರಿ, ಮ್ಯಾಲಿಂದಕ್ಕ ಒಂದು ನಂಬರ, ಕೆಳಗಿಂದಕ್ಕ ಬ್ಯಾರೆ ನಂಬರ.”

“ಇರತಾವ ಮತ್ತ,” ಅತ್ತೆಯವರು ಹೆಮ್ಮೆಯಿಂದ ಹೇಳಿದರು. “ಒಂದ ಅಳತಿವು ಒತ್ತಟ್ಟಿಗೆ ಇದ್ದವು. ನಾನ ಬಿಡಿಸಿ ಜೋಡಿ ಹಚ್ಚೀನಿ. ಗಂಡ ಹೆಂಡತಿ ಅಂದಮ್ಯಾಲ ಒಂದು ದೊಡ್ಡದು ಒಂದು ಸಣ್ಣದು ಬ್ಯಾಡೇನು? ಎರಡೂ ಒಂದ ಎತ್ತರ ಇದ್ರ ಅಣ್ಣ ತಮ್ಮ ಆಗತಾವ.”

“ಯವ್ವಾ, ಇವು ಅಣ್ಣ ತಮ್ಮನ ಆಗಬೇಕು,” ಎಂದು ಯಜಮಾನರು ತಲೆಯ ಮೇಲೆ ಕೈ ಇಟ್ಟುಕೊಂಡರು.

ಅತ್ತೆಯವರ ಸಂಸಾರಗಳನ್ನೆಲ್ಲ ಮುರಿದು, ಅಂಕಿ ನೋಡಿ ಮತ್ತೆ ಕೂಡಿಸಿದೆ. ವಾಯರಿನ ಕೆಟ್ಟ ತುದಿ ಕತ್ತರಿಸಿ ಹೊಸ ಲಗ್ಗು ಹಾಕಿದರು. ಈ ಸಲ ಆರು ಮೂಲೆಯ ಚೆಂದದ ಅಚ್ಚು ಬಿತ್ತು. ಮೋಟರಿನ ಮೂರೂ ವಾಯರಿಗೆ ಲಗ್ಗು ಹಾಕಿ ಮುಗಿದ ಮೇಲೆ ಮಾವನವರು ತಾವೇ ಬಂದು, ಗೋಡೆಗೆ ಕಾಲು ಕೊಟ್ಟು ವಾಯರು ಎಳೆದರು. ಲಗ್ಗು ಬರಲಿಲ್ಲ, ಅವರ ತಲೆಯ ರುಮಾಲು ಬಿತ್ತು. “ಆತು ಬಿಡು, ನಡೀಲಿ,” ಎಂದು ರುಮಾಲು ಝಾಡಿಸಿಕೊಂಡರು.

ಸಂಜೆ ಗಿರಣಿ ತೆರೆದಾಗ ಓಣಿಯ ಹೆಂಗಸರ ಡಬ್ಬಿಗಳ ಸಾಲು. ಮಾವನವರು ಬಾಗಿಲಲ್ಲಿ ಕೂತು ಗಳಿಗೆಗೊಮ್ಮೆ ಮೂಗರಳಿಸಿ ಗಾಳಿ ಮೂಸುತ್ತಿದ್ದರು. ನಾನೂ ಒಳಗಿಂದ ಮೂಸುತ್ತಿದ್ದೆ. ಜೋಳದ ಹಿಟ್ಟಿನ ಬೆಚ್ಚನೆಯ ವಾಸನೆ ಬಿಟ್ಟರೆ ಮತ್ತೇನೂ ಇಲ್ಲ. ಎಲ್ಲರದೂ ಬೀಸಿ ಮುಗಿಯಿತು.

ಗಿರಣಿ ನಿಂತಾಗಲೆಲ್ಲ ನಮ್ಮ ಕಟ್ಟೆಯ ಮೇಲೆ ಕೂತು ತಮ್ಮ ಸೊಸೆಯ ಕತೆ ಹೇಳುತ್ತಿದ್ದ ಪಕ್ಕದ ಮನೆಯಾಕೆ, ಡಬ್ಬಿಯನ್ನು ಸೊಂಟಕ್ಕೇರಿಸಿ ನನ್ನ ಕಡೆ ತಿರುಗಿದರು.

“ಹಿಂಗ ನಿಲ್ಲದನ ನಡದ್ರ, ನಾವು ಕುಂತು ಮಾತಾಡೂದು ಯಾವಾಗ್ರೀ ವೈನಿ?”